ಮಣ್ಣು, ಬಣ್ಣ, ಹಾಡು, ಪ್ರಾರ್ಥನೆ: ನಮ್ಮ ಕೂಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳಿಗೊಮ್ಮೆ, ಎರಡನೇ ಶನಿವಾರ ಸಂಜೆ, ಬೆಂಗಳೂರಿನ ಒಂದು ಚರ್ಚಿನ ಹಿಂದಿರುವ ಹಾಲ್‌ನಲ್ಲಿ ನಾವು ಇಪ್ಪತ್ತು ಜನ ಸೇರುತ್ತೇವೆ. ಬೈಬಲಿನ ಒಂದು ಭಾಗ ಓದುತ್ತೇವೆ. ಆಮೇಲೆ ಮಣ್ಣೋ ಬಣ್ಣವೋ ಹಾಡೋ, ಏನಾದರೂ ಒಂದನ್ನು ಹಿಡಿದು ಆ ಭಾಗದ ಜೊತೆ ಸುಮಾರು ಒಂದು ಗಂಟೆ ಕೂರುತ್ತೇವೆ. ಕೊನೆಗೆ ಪ್ರಾರ್ಥನೆ, ಕಾಫಿ. ಹೊಸಬರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಇರುತ್ತವೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಇದು ಬೈಬಲ್ ಅಧ್ಯಯನವಾ, ಆರ್ಟ್ ಕ್ಲಾಸಾ?

ಎರಡೂ ಅಲ್ಲ. ಇಲ್ಲಿ ಯಾರೂ ಚಿತ್ರ ಬಿಡಿಸಲು ಕಲಿಸುವುದಿಲ್ಲ. ಯಾರೂ ಉಪದೇಶವನ್ನೂ ಮಾಡುವುದಿಲ್ಲ. ನಾನು ಚಿಕ್ಕಂದಿನಿಂದ ಚರ್ಚಿಗೆ ಹೋಗಿ ಬಂದವಳು. ಯೇಸುವಿನ ಕಥೆಗಳು ಎಷ್ಟು ಬಾಯಿಪಾಠ ಆಗಿದ್ದವು ಅಂದರೆ, ಓದುವವರು ಮೊದಲ ಸಾಲು ಶುರು ಮಾಡುತ್ತಿದ್ದಂತೆ ನನ್ನ ಮನಸ್ಸು ಮನೆಯ ಅಡುಗೆಗೆ ಹೋಗಿಬಿಡುತ್ತಿತ್ತು. ಕೈಗೆ ಕೆಲಸ ಕೊಟ್ಟ ಮೇಲೆ ಕಿವಿ ತೆರೆಯಿತು. ಒಬ್ಬ ಮನುಷ್ಯನ ಕೈಯನ್ನು ಮಣ್ಣಿನಲ್ಲಿ ಮಾಡಬೇಕು ಅಂದಾಗ, ಆ ಕೈ ಚಾಚಿತ್ತಾ, ಮಡಚಿತ್ತಾ, ನಡುಗುತ್ತಿತ್ತಾ ಅಂತ ಯೋಚಿಸಲೇಬೇಕಾಗುತ್ತದೆ. ಹಾಗೆ ಯೋಚಿಸುವಾಗ ಕಥೆಯ ಒಳಗೆ ನೀವು ನಿಂತಿರುತ್ತೀರಿ.

ನನಗೆ ಚಿತ್ರ ಬಿಡಿಸೋಕೆ ಬರಲ್ಲ, ಹಾಡೋಕೂ ಬರಲ್ಲ. ಬರಬಹುದಾ?

ಬನ್ನಿ. ಇದು ಅತಿ ಹೆಚ್ಚು ಜನ ಕೇಳುವ ಪ್ರಶ್ನೆ. ನಮ್ಮಲ್ಲಿ ಬರುವವರಲ್ಲಿ ಕಲೆ ಕಲಿತವರು ಇಬ್ಬರೇ. ಅವರಿಗೇ ಇಲ್ಲಿ ಸ್ವಲ್ಪ ಜಾಸ್ತಿ ಕಷ್ಟ ಅಂತ ನನಗನಿಸಿದೆ, ಯಾಕೆಂದರೆ ಚೆನ್ನಾಗಿ ಬರಬೇಕು ಅನ್ನೋ ಅಭ್ಯಾಸ ಅವರ ಕೈಗೆ ಅಂಟಿಕೊಂಡಿರುತ್ತದೆ. ಉಳಿದವರೆಲ್ಲ ಶಾಲೆ ಬಿಟ್ಟ ಮೇಲೆ ಬ್ರಷ್ ಮುಟ್ಟದವರು.

ಒಂದು ಸಂಜೆ ಹೇಗೆ ಸಾಗುತ್ತದೆ?

ಐದು ಗಂಟೆಗೆ ದೀಪ ಹಚ್ಚುತ್ತೇವೆ. ಹತ್ತು ನಿಮಿಷ ಸುಮ್ನೆ ಕೂರುತ್ತೇವೆ. ಹೊಸಬರಿಗೆ ಈ ಹತ್ತು ನಿಮಿಷ ತುಂಬ ಉದ್ದ ಅನಿಸುತ್ತದೆ, ಗಾಬರಿ ಬೇಡ. ಆಮೇಲೆ ಅವತ್ತಿನ ಭಾಗವನ್ನು ಮೂರು ಸಲ, ಮೂರು ಬೇರೆ ಬೇರೆ ದನಿಯಲ್ಲಿ ಓದುತ್ತೇವೆ. ಒಬ್ಬರು ಸತ್ಯವೇದ ಅನ್ನುವ ಹಳೆಯ ಕನ್ನಡ ಬೈಬಲಿನಿಂದ, ಒಬ್ಬರು ಈಚಿನ ಸರಳ ಅನುವಾದದಿಂದ, ಮೂರನೆಯವರು ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ತಮ್ಮ ಮನೆಮಾತಿನಲ್ಲಿ ಹೇಳುತ್ತಾರೆ. ಆಮೇಲೆ ಸುಮಾರು ಐವತ್ತು ನಿಮಿಷ ಕೈಕೆಲಸ. ಆಗ ಮಾತಿಲ್ಲ.

ಒಂದು ಸಂಜೆಯ ವಿಷಯ ಹೇಳುತ್ತೇನೆ. ಲೂಕ 15ನೇ ಅಧ್ಯಾಯ, ಮನೆ ಬಿಟ್ಟು ಹೋಗಿ ವಾಪಸ್ ಬಂದ ಮಗನ ಕಥೆ. ಪ್ರತಿಯೊಬ್ಬರಿಗೂ ಅರ್ಧ ಕೆಜಿ ಮಣ್ಣು ಕೊಟ್ಟಿದ್ದೆವು. ಹೆಚ್ಚಿನವರು ಅಪ್ಪನನ್ನು ಮಾಡಿದರು. ಕೆಲವರು ಮಗನ ಬಗ್ಗಿದ ಬೆನ್ನು ಮಾಡಿದರು. ಮೂಲೆಯಲ್ಲಿ ಕೂತಿದ್ದ ಒಬ್ಬ ಹಿರಿಯರು ಮೊದಲ ಸಲ ಬಂದಿದ್ದರು. ಅರ್ಧ ಹೊತ್ತು ಮಣ್ಣನ್ನು ಸುಮ್ನೆ ಅಂಗೈಯಲ್ಲಿ ಒತ್ತುತ್ತಾ ಕೂತರು. ಕೊನೆಗೆ ಮೇಜಿನ ಮೇಲೆ ಇಟ್ಟದ್ದು ಒಂದು ಹೊಸಿಲು, ಅದರ ಪಕ್ಕ ಒಂದು ಜೊತೆ ಚಪ್ಪಲಿ. ಬೆರಳಿನ ಉಗುರಿನಿಂದ ಪಟ್ಟಿಯ ಹೊಲಿಗೆ ಕೂಡ ಮೂಡಿಸಿದ್ದರು. ಒಂದು ಚಪ್ಪಲಿ ಸ್ವಲ್ಪ ಓರೆಯಾಗಿತ್ತು, ಯಾರೋ ಅವಸರದಲ್ಲಿ ಬಿಟ್ಟ ಹಾಗೆ.

ನಾನು ಮನೆಗೆ ಬಂದು ಮತ್ತೆ ಓದಿದೆ. ಹೌದು, ಅಪ್ಪ ಆಳುಗಳಿಗೆ ಹೇಳುತ್ತಾನೆ: ಒಳ್ಳೆಯ ನಿಲುವಂಗಿ ತನ್ನಿ, ಕೈಗೆ ಉಂಗುರ ಹಾಕಿ, ಕಾಲಿಗೆ ಜೋಡು ಹಾಕಿ. ನನಗೆ ಉಂಗುರ ನೆನಪಿತ್ತು, ಕೊಬ್ಬಿದ ಕರು ನೆನಪಿತ್ತು. ಮಗ ಬರಿಗಾಲಿನಲ್ಲಿ ಬಂದಿದ್ದ ಅನ್ನೋದು ನಲವತ್ತು ವರ್ಷ ಈ ಕಥೆ ಕೇಳಿದರೂ ನನಗೆ ಹೊಳೆದಿರಲಿಲ್ಲ. ಆ ಹಿರಿಯರು ಯಾಕೆ ಚಪ್ಪಲಿ ಮಾಡಿದರು ಅಂತ ಹೇಳಲಿಲ್ಲ. ನಾವು ಕೇಳಲಿಲ್ಲ.

ಕೈಕೆಲಸ ಮುಗಿದ ಮೇಲೆ ಎಲ್ಲವನ್ನೂ ಒಂದು ಉದ್ದ ಮೇಜಿನ ಮೇಲೆ ಇಟ್ಟು ಸುತ್ತ ನಡೆದು ನೋಡುತ್ತೇವೆ. ಮಾತಾಡಬೇಕು ಅನಿಸಿದವರು ಮಾತಾಡುತ್ತಾರೆ. ಆಮೇಲೆ ಒಂದು ಹಾಡು, ಒಂದು ಪ್ರಾರ್ಥನೆ, ಕಾಫಿ. ಏಳೂವರೆಗೆ ಹಾಲ್ ಗುಡಿಸಿ ಬೀಗ ಹಾಕುತ್ತೇವೆ.

ಇನ್ನೊಬ್ಬರು ಮಾಡಿದ್ದನ್ನು ನೋಡಿ ಏನು ಹೇಳಬೇಕು?

"ಚೆನ್ನಾಗಿದೆ" ಅಂತ ಹೇಳಬೇಡಿ. "ಇದರ ಅರ್ಥ ಇದು" ಅಂತಲೂ ಹೇಳಬೇಡಿ. "ನನಗೆ ಇಲ್ಲಿ ಇದು ಕಾಣಿಸುತ್ತಿದೆ" ಅಂತ ಹೇಳಿ, ಸಾಕು.

ಈ ನಿಯಮ ಬಂದದ್ದು ನನ್ನ ತಪ್ಪಿನಿಂದ. ಮೊದಲ ವರ್ಷ ಒಬ್ಬ ಹುಡುಗಿ ಹಾಳೆ ತುಂಬ ಕಪ್ಪು ಬಳಿದಿದ್ದಳು. ನಾನು ಎಲ್ಲರ ಮುಂದೆ, ದೊಡ್ಡ ಮನಸ್ಸಿನವಳ ಹಾಗೆ, "ನಿನ್ನ ನೋವು ಇಲ್ಲಿ ಕಾಣ್ತಿದೆ" ಅಂದುಬಿಟ್ಟೆ. ಅವಳು ಮೆಲ್ಲಗೆ ಹೇಳಿದಳು: "ಇದು ನಮ್ಮೂರಲ್ಲಿ ಕರೆಂಟ್ ಹೋದಾಗಿನ ಆಕಾಶ. ಅಜ್ಜಿ ಜೊತೆ ಜಗಲಿ ಮೇಲೆ ಮಲಗ್ತಿದ್ವಿ. ನಂಗೆ ತುಂಬ ಖುಷಿಯ ನೆನಪು." ಮೂರು ತಿಂಗಳು ಅವಳು ಬರಲಿಲ್ಲ. ನಾನೇ ಹೋಗಿ ಕ್ಷಮೆ ಕೇಳಿದೆ. ಅವಳು ಕಪ್ಪು ಬಳಿದ ಆ ಸಂಜೆ ನಾವು ಓದಿದ್ದ ಭಾಗ ಆದಿಕಾಂಡದ 15ನೇ ಅಧ್ಯಾಯ. ದೇವರು ಅಬ್ರಾಮನನ್ನು ರಾತ್ರಿ ಹೊರಗೆ ಕರೆದುಕೊಂಡು ಹೋಗಿ, ನಕ್ಷತ್ರ ಎಣಿಸು ನೋಡೋಣ ಅನ್ನುವ ಜಾಗ. ನಮ್ಮೆಲ್ಲರಿಗಿಂತ ಅವಳೇ ಸರಿಯಾಗಿ ಓದಿದ್ದಳು.

ನಾನು ಕ್ರೈಸ್ತ ಅಲ್ಲ. ಬರಬಹುದಾ? ಇದು ಮತಾಂತರದ ಕೆಲಸವಾ?

ಬರಬಹುದು. ಎರಡನೇ ಪ್ರಶ್ನೆಗೆ ನೇರ ಉತ್ತರ: ಅಲ್ಲ. ಯಾರ ಕೈಲೂ ಏನೂ ಬರೆಸಿಕೊಳ್ಳುವುದಿಲ್ಲ. ಯಾರ ಬೆನ್ನು ಹತ್ತಿ ಮನೆಗೆ ಹೋಗುವುದಿಲ್ಲ. ಸಹಾಯದ ಆಮಿಷ ಇಲ್ಲ. ನಾವು ಯೇಸುವನ್ನು ಪ್ರೀತಿಸುವವರು, ಅದನ್ನು ಮುಚ್ಚಿಡುವುದೂ ಇಲ್ಲ. ಪ್ರಾರ್ಥನೆ ಯೇಸುವಿನ ಹೆಸರಿನಲ್ಲೇ ನಡೆಯುತ್ತದೆ. ನಿಮಗೆ ಅದು ಬೇಡ ಅನಿಸಿದರೆ ಆ ಹೊತ್ತಿನಲ್ಲಿ ಸುಮ್ನೆ ಕೂತಿರಿ, ಇಲ್ಲಾಂದ್ರೆ ಕಾಫಿ ಕಾಯಿಸುವವರ ಜೊತೆ ಕೈ ಜೋಡಿಸಿ. ಯಾರೂ ತಪ್ಪು ತಿಳಿಯುವುದಿಲ್ಲ.

ಕನ್ನಡದಲ್ಲಿ ಇದು ಹೊಸದೂ ಅಲ್ಲ. ಯೇಸುವನ್ನು ಶಿಲುಬೆಗೆ ಏರಿಸಿದ ದಿನದ ಮೇಲೆ ಕನ್ನಡದ ಬಹಳ ಗಟ್ಟಿಯಾದ ಖಂಡಕಾವ್ಯ ಬರೆದವರು ಮಂಜೇಶ್ವರದ ಗೋವಿಂದ ಪೈ. ಅವರು ಕ್ರೈಸ್ತರಾಗಿರಲಿಲ್ಲ. ಬುದ್ಧನ ಕೊನೆಯ ದಿನದ ಮೇಲೂ ಅದೇ ಭಕ್ತಿಯಿಂದ ಬರೆದರು.

ನಂಬಿಕೆ ಇದ್ದವಳು, ಈಗ ಇಲ್ಲ. ಚರ್ಚ್ ಬಿಟ್ಟು ವರ್ಷಗಳಾಯ್ತು. ನನಗೆ ಜಾಗ ಇದೆಯಾ?

ಇದೆ. ನಮ್ಮಲ್ಲಿ ನಾಲ್ಕೈದು ಜನ ಹಾಗೇ ಬಂದವರು. ಕೆಲವರು ಈಗ ಮತ್ತೆ ಭಾನುವಾರದ ಆರಾಧನೆಗೆ ಹೋಗುತ್ತಾರೆ. ಕೆಲವರು ಈ ಶನಿವಾರಕ್ಕೆ ಮಾತ್ರ ಬರುತ್ತಾರೆ. ಯಾಕೆ ಹೋಗಲ್ಲ ಅಂತ ಅವರನ್ನು ನಾವು ಕೇಳುವುದಿಲ್ಲ.

ವಿಗ್ರಹ ಮಾಡಬೇಡ ಅಂತ ಹತ್ತು ಆಜ್ಞೆಗಳಲ್ಲೇ ಇದೆ ಅಲ್ವಾ? ಮಣ್ಣಿನಲ್ಲಿ ಯೇಸುವನ್ನು ಮಾಡುವುದು ಸರಿಯಾ?

ಒಳ್ಳೆಯ ಪ್ರಶ್ನೆ. ಇದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಇಷ್ಟವಿಲ್ಲ. ನಮ್ಮ ಕೂಟದಲ್ಲಿ ಕಥೋಲಿಕರೂ ಇದ್ದಾರೆ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರೂ ಇದ್ದಾರೆ, ಪೆಂಟೆಕೋಸ್ಟ್ ಸಭೆಯಿಂದ ಬರುವ ಒಂದು ಕುಟುಂಬವೂ ಇದೆ. ಈ ಪ್ರಶ್ನೆ ಮೊದಲ ತಿಂಗಳಲ್ಲೇ ಬಂತು.

ಆಜ್ಞೆ ಇರುವುದು ವಿಮೋಚನಕಾಂಡದ 20ನೇ ಅಧ್ಯಾಯದಲ್ಲಿ. ಅದೇ ಪುಸ್ತಕದ 25ನೇ ಅಧ್ಯಾಯದಲ್ಲಿ ಮಂಜೂಷದ, ಅಂದರೆ ಆಜ್ಞೆಗಳನ್ನು ಇಡುವ ಪವಿತ್ರ ಪೆಟ್ಟಿಗೆಯ, ಮುಚ್ಚಳದ ಮೇಲೆ ಚಿನ್ನದ ಕೆರೂಬಿಗಳನ್ನು (ರೆಕ್ಕೆಯ ದೇವದೂತರನ್ನು) ಮಾಡು ಅಂತ ದೇವರೇ ಹೇಳುತ್ತಾನೆ. 31ನೇ ಅಧ್ಯಾಯದಲ್ಲಿ ಬೆಚಲೇಲ ಅನ್ನುವವನು ಬರುತ್ತಾನೆ. ಚಿನ್ನ, ಬೆಳ್ಳಿ, ತಾಮ್ರದ ಕೆಲಸ, ಕಲ್ಲು ಕೆತ್ತುವ ಕೆಲಸ, ಮರದ ಕೆಲಸ, ಇದಕ್ಕೆಲ್ಲ ಬೇಕಾದ ಜಾಣ್ಮೆ ಕೊಡಲು ದೇವರು ಅವನನ್ನು ತನ್ನ ಆತ್ಮದಿಂದ ತುಂಬಿಸಿದ ಅಂತ ಬರೆದಿದೆ. ರಾಜನಿಗಲ್ಲ, ಪ್ರವಾದಿಗಲ್ಲ, ಒಬ್ಬ ಕಸುಬುದಾರನಿಗೆ ಆ ಮಾತು ಬಂದಿದೆ. ಈ ಭಾಗ ನನಗೆ ತುಂಬ ಇಷ್ಟ. ನಮ್ಮ ಕಡೆ ಕಮ್ಮಾರರು, ಬಡಗಿಗಳು, ಕುಂಬಾರರ ಮನೆಯಿಂದ ಬಂದ ಕ್ರೈಸ್ತರು ಎಷ್ಟೋ ಜನ. ಅವರ ಮುಂದೆ ಇದನ್ನು ಓದುವಾಗ ಮುಖ ಅರಳುವುದನ್ನು ನಾನು ನೋಡಿದ್ದೇನೆ.

ಕ್ರೈಸ್ತ ಸಭೆಯ ಇತಿಹಾಸದಲ್ಲಿ ಈ ಜಗಳ ದೊಡ್ಡದಾಗಿಯೇ ನಡೆದಿದೆ. ಎಂಟನೇ ಶತಮಾನದಲ್ಲಿ ಬಿಜಾಂಟಿಯಂನಲ್ಲಿ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದಲ್ಲಿ, ಪವಿತ್ರ ಚಿತ್ರಗಳನ್ನು ಒಡೆದುಹಾಕಿದರು. ಕೊನೆಗೆ 787ರಲ್ಲಿ ನೈಸಿಯಾದಲ್ಲಿ ಸೇರಿದ ಸಭೆ, ಚಿತ್ರಕ್ಕೆ ಗೌರವ ಸಲ್ಲಬಹುದು, ಆರಾಧನೆ ದೇವರಿಗೆ ಮಾತ್ರ ಅಂತ ಗೆರೆ ಎಳೆಯಿತು. ಅದಕ್ಕೂ ಮೊದಲು ದಮಸ್ಕದ ಯೋಹಾನ ಅನ್ನುವ ಸಂತರು ವಾದ ಮಾಡಿದ್ದರು: ಕಾಣದ ದೇವರು ಯೇಸುವಿನಲ್ಲಿ ಮೈ ತಳೆದು ಬಂದ ಮೇಲೆ ಕಂಡದ್ದನ್ನು ಬರೆಯಬಹುದು ಅಂತ. ಇದನ್ನು ಎಲ್ಲ ಪಂಗಡದವರೂ ಒಪ್ಪುವುದಿಲ್ಲ. ಹದಿನಾರನೇ ಶತಮಾನದಲ್ಲಿ ಜ್ಯೂರಿಕ್‌ನ ಚರ್ಚುಗಳಿಂದ ಚಿತ್ರಗಳನ್ನೂ ಆರ್ಗನ್ನನ್ನೂ ಹೊರಗೆ ಹಾಕಿದ್ದರು. ಅದೇ ಕಾಲದಲ್ಲಿ ಸುಧಾರಕ ಮಾರ್ಟಿನ್ ಲೂಥರ್ ಜರ್ಮನ್ ಭಾಷೆಯಲ್ಲಿ ಹಾಡು ಕಟ್ಟಿ ಇಡೀ ಸಭೆಗೆ ಹಾಡಲು ಕೊಟ್ಟರು.

ನಮ್ಮ ರೂಢಿ ಹೀಗಿದೆ. ಮಾಡಿದ್ದಕ್ಕೆ ನಾವು ಕೈ ಮುಗಿಯುವುದಿಲ್ಲ, ಅದರ ಮುಂದೆ ಪ್ರಾರ್ಥಿಸುವುದಿಲ್ಲ. ಯೇಸುವಿನ ಮುಖ ಮಾಡಲು ಮನಸ್ಸು ಒಪ್ಪದವರು ಕಥೆಯ ವಸ್ತುಗಳನ್ನು ಮಾಡುತ್ತಾರೆ: ಕೊಡ, ಬಲೆ, ರೊಟ್ಟಿ, ದೋಣಿ. ಪೆಂಟೆಕೋಸ್ಟ್ ಕುಟುಂಬದವರು ಹೀಗೇ ಮಾಡುತ್ತಾರೆ. ಅವರ ಮೀನಿನ ಬಲೆ, ನಿಜವಾದ ದಾರದಲ್ಲಿ ಗಂಟು ಹಾಕಿ ಹೆಣೆದದ್ದು, ನಾವು ಈವರೆಗೆ ಮಾಡಿದ್ದರಲ್ಲೇ ಚಂದದ ಕೆಲಸ.

ಕ್ರೈಸ್ತ ಪ್ರಾರ್ಥನೆಯಲ್ಲಿ ಎಣ್ಣೆದೀಪ, ರಂಗೋಲಿ, ತಮಟೆ ಯಾಕೆ?

ಇದಕ್ಕೆ ಬೆಂಗಳೂರಿನಲ್ಲೇ ಒಂದು ಕಥೆ ಇದೆ. ಜಗತ್ತಿನ ಕಥೋಲಿಕ ಬಿಷಪ್ಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆಗೆ ಮೊದಲು ಇಲ್ಲಿನ ಕಥೋಲಿಕರ ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. 1963ರಲ್ಲಿ ಆ ಮಹಾಸಭೆ ಆಯಾ ಜನರ ಭಾಷೆಗೂ ರೂಢಿಗೂ ಬಾಗಿಲು ತೆರೆಯಿತು. ಬೆಂಗಳೂರಿನಲ್ಲಿ ಎನ್‌ಬಿಸಿಎಲ್‌ಸಿ ಅನ್ನುವ, ಬೈಬಲ್, ಧರ್ಮಶಿಕ್ಷಣ, ಆರಾಧನೆಗಾಗಿ ಇರುವ ಕಥೋಲಿಕರ ರಾಷ್ಟ್ರೀಯ ಕೇಂದ್ರ ಶುರುವಾಯಿತು. ಅದನ್ನು ಕಟ್ಟಿದವರು ಫಾದರ್ ಡಿ.ಎಸ್. ಅಮಲೋರ್ಪವದಾಸ್. ಅವರು ಆಮೇಲೆ ಮೈಸೂರಿನಲ್ಲಿ ಅಂಜಲಿ ಆಶ್ರಮ ಕಟ್ಟಿದರು. 1969ರಲ್ಲಿ ಭಾರತದ ಪೂಜೆಗೆ ಹನ್ನೆರಡು ಅಂಶಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರುವುದು, ಮೊಣಕಾಲು ಊರುವ ಬದಲು ಕೈ ಜೋಡಿಸಿ ನಮಸ್ಕರಿಸುವುದು, ಮೇಣದ ಬತ್ತಿಯ ಬದಲು ಎಣ್ಣೆದೀಪ, ಆರತಿ, ಇವೆಲ್ಲ ಅದರಲ್ಲಿ ಸೇರಿವೆ. ಆ ಕೇಂದ್ರದ ಪ್ರಾರ್ಥನಾ ಮಂದಿರಕ್ಕೆ ಕೆಲಸ ಮಾಡಿದ ಕಲಾವಿದ ಜ್ಯೋತಿ ಸಾಹಿ ಬೆಂಗಳೂರಿನ ಉತ್ತರಕ್ಕಿರುವ ಸಿಲ್ವೆಪುರದಲ್ಲಿ ನೆಲೆಸಿ, ಹಲವು ದಶಕ ಕ್ರೈಸ್ತ ಕಥೆಗಳನ್ನು ಈ ನೆಲದ ಮರ, ನೀರು, ಬೀಜ, ಬೆಟ್ಟಗಳ ಮೂಲಕ ಚಿತ್ರಿಸಿದರು. ಭರತನಾಟ್ಯ ಕಲಿತ ಫ್ರಾನ್ಸಿಸ್ ಬಾರ್ಬೋಜಾ ಯೇಸುವಿಗೆ, ಶಿಲುಬೆಗೆ ಹೊಸ ಹಸ್ತಮುದ್ರೆಗಳನ್ನೇ ರೂಪಿಸಿದರು.

ಇದಕ್ಕೆ ವಿರೋಧವೂ ಬಂತು. ನಮ್ಮ ಗುರುತೇ ಹೋಗುತ್ತದೆ ಅಂದ ಕ್ರೈಸ್ತರಿದ್ದರು. ನಮ್ಮ ಆಚರಣೆ ಎತ್ತಿಕೊಳ್ಳುತ್ತಿದ್ದೀರಿ ಅಂದ ಹಿಂದೂಗಳೂ ಇದ್ದರು. ಆದರೆ ನನ್ನನ್ನು ನಿಲ್ಲಿಸಿ ಯೋಚಿಸುವಂತೆ ಮಾಡಿದ್ದು ದಲಿತ ಕ್ರೈಸ್ತರ ಪ್ರಶ್ನೆ. ಸಂಸ್ಕೃತದ ಮಂತ್ರ, ಆಶ್ರಮ, ಕಾವಿ ಬಟ್ಟೆ ಇದನ್ನೇ ಭಾರತೀಯ ಅಂತ ಕರೆದರೆ, ಯಾವ ಗುಡಿಯ ಬಾಗಿಲು ನಮ್ಮ ಅಜ್ಜಂದಿರಿಗೆ ಮುಚ್ಚಿತ್ತೋ ಅದೇ ಬಾಗಿಲನ್ನು ಚರ್ಚಿನೊಳಗೆ ತಂದು ನಿಲ್ಲಿಸಿದ ಹಾಗಲ್ವಾ? ತಮಿಳುನಾಡಿನಲ್ಲಿ ಥಿಯೋಫಿಲಸ್ ಅಪ್ಪಾವು ಅವರು ಜನಪದ ಮಟ್ಟಿನಲ್ಲಿ ಆರಾಧನೆಯ ಹಾಡುಗಳನ್ನು ಕಟ್ಟಿದ್ದು ಈ ನೋವಿಗೆ ಉತ್ತರವಾಗಿ. ಈ ಪ್ರಶ್ನೆ ಸರಿ ಅಂತ ನಾನು ನಂಬುತ್ತೇನೆ. ಅದಕ್ಕೇ ನಮ್ಮಲ್ಲಿ ದೀಪದ ಪಕ್ಕ ತಮಟೆ ಇದೆ. ಸಾವಿನ ಮನೆಯ ವಾದ್ಯ ಅಂತ ಬಹಳ ಜನ ದೂರ ಇಟ್ಟ ತಮಟೆಯನ್ನು ನಾವು ಪಾಸ್ಖ (ಈಸ್ಟರ್) ಹಬ್ಬದ ಮುಂಚಿನ ರಾತ್ರಿ ಬಾರಿಸುತ್ತೇವೆ, ಸಾವು ಸೋತ ರಾತ್ರಿ ಅಂತ. ಬಾರಿಸುವ ಮೊದಲು ಬೆಂಕಿಗೆ ಹಿಡಿದು ಚರ್ಮ ಕಾಯಿಸಬೇಕು. ಆ ರಾತ್ರಿಯ ಹೊಸ ಬೆಂಕಿಯಲ್ಲೇ ಅದನ್ನು ಕಾಯಿಸುತ್ತೇವೆ.

ರಂಗೋಲಿಯ ವಿಷಯ: ಮೊದಲು ನಾವು ಸೇರುತ್ತಿದ್ದ ಒಂದು ಜಾಗದಲ್ಲಿ, ತಪಸ್ಸು ಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ) ನೆಲದ ಮೇಲೆ ಬಿಡಿಸಿದ ರಂಗೋಲಿಯನ್ನು ಅಲ್ಲಿನವರು ನಮಗೆ ಹೇಳದೆ ತೊಳೆದುಬಿಟ್ಟರು. ತುಂಬ ನೋವಾಯ್ತು. ಆಮೇಲೆ ಈ ಹಾಲ್‌ಗೆ ಬಂದೆವು. ಈಗ ಬಿಡಿಸುವ ಮೊದಲು ಕೇಳುತ್ತೇವೆ.

ಕನ್ನಡದಲ್ಲಿ ಇಂಥ ಪರಂಪರೆ ನಿಜಕ್ಕೂ ಇದೆಯಾ, ಅಥವಾ ಇದೆಲ್ಲ ಹೊರಗಿನಿಂದ ಬಂದದ್ದಾ?

ಇದೆ, ಮತ್ತು ಸಾಕಷ್ಟು ಹಳೆಯದು. ಕಿಟ್ಟೆಲ್ ಅಂದರೆ ನಮಗೆಲ್ಲ ನೆನಪಾಗುವುದು 1894ರ ನಿಘಂಟು. ಅದಕ್ಕೂ ಮೂವತ್ತು ವರ್ಷ ಮೊದಲು, 1862ರಲ್ಲಿ, ಅವರು ಯೇಸುವಿನ ಬದುಕನ್ನು ಈ ನೆಲದ ಹಾಡುಗಬ್ಬದ ಛಂದಸ್ಸಿನಲ್ಲಿ ಬರೆದಿದ್ದರು. ಜರ್ಮನಿಯಿಂದ ಬಂದ ಪಾದ್ರಿ ಮಾತ್ರೆ ಎಣಿಸುತ್ತಾ ಕೂತಿದ್ದನ್ನು ನೆನೆಸಿಕೊಂಡರೆ ನನಗೆ ಮನಸ್ಸು ತುಂಬಿ ಬರುತ್ತದೆ. 1875ರಲ್ಲಿ ಅವರು ನಾಗವರ್ಮನ ಛಂದಸ್ಸಿನ ಗ್ರಂಥವನ್ನೇ ಸಂಪಾದಿಸಿ ಪ್ರಕಟಿಸಿದರು.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ನೋಡಿದ್ದೀರಾ? ಇಟಲಿಯ ಆಂಟೋನಿಯೊ ಮೊಸ್ಕೆನಿ ಅನ್ನುವ ಜೆಸ್ವಿಟ್ ಬ್ರದರ್ 1899ರ ಸುಮಾರಿಗೆ ಬಂದು, ಎರಡು ಚಿಲ್ಲರೆ ವರ್ಷದಲ್ಲಿ ಅದರ ಗೋಡೆ, ಚಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಗೋಡೆಯವು ಫ್ರೆಸ್ಕೊ, ಅಂದರೆ ಹಸಿ ಗಾರೆಯ ಮೇಲೆ ಬಣ್ಣ. ಗಾರೆ ಒಣಗುವುದರೊಳಗೆ ಅವತ್ತಿನ ಭಾಗ ಮುಗಿಸಬೇಕು. ಚಾವಣಿಯವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು. ಒಂದು ದಿನ ಬಿಡುವು ಮಾಡಿಕೊಂಡು ಹೋಗಿ, ಕತ್ತು ನೋಯುವವರೆಗೆ ಮೇಲೆ ನೋಡಿ.

ಆದರೆ ಒಟ್ಟಿಗೆ ಮಾಡುವ ಕಲೆ ಅಂದರೆ ನನಗೆ ಮೊದಲು ನೆನಪಾಗುವುದು ಕನಕಪುರ ತಾಲ್ಲೂಕಿನ ಹಾರೋಬೆಲೆ. ಅಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಶುಭ ಶುಕ್ರವಾರ ಯೇಸುವಿನ ಪಾಡುಗಳನ್ನು 'ಮಹಿಮೆ' ಅನ್ನುವ ನಾಟಕವಾಗಿ ಊರಿನವರೇ ಆಡುತ್ತಾರೆ. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರ ಮೊಂತಿ ಹಬ್ಬವೂ ಹಾಗೇ. ಸೆಪ್ಟೆಂಬರ್ 8ಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲ ಮರಿಯಮ್ಮನ ಮುಂದೆ ಚೆಲ್ಲುತ್ತಾರೆ. ಹಬ್ಬದ ದಿನ ಭತ್ತದ ಹೊಸ ತೆನೆಗೆ ಆಶೀರ್ವಾದ, ಮನೆಯಲ್ಲಿ ಬಾಳೆ ಎಲೆಯ ಮೇಲೆ ಹೊಸಕ್ಕಿ ಊಟ. ಇದನ್ನು ಕಲೆ ಅಂತ ಯಾರೂ ಕರೆಯುವುದಿಲ್ಲ. ಕರೆಯಬೇಕು ಅಂತ ನನ್ನ ಹಟ.

ಯಾವ ಹಾಡು ಹಾಡುತ್ತೀರಿ?

ಹೆಚ್ಚಾಗಿ ಕೀರ್ತನೆಗಳನ್ನು, ಅಂದರೆ ಬೈಬಲಿನಲ್ಲೇ ಇರುವ ಪ್ರಾರ್ಥನೆಯ ಹಾಡುಗಳನ್ನು. ನಮ್ಮದೇ ಮಟ್ಟು ಹಾಕಿಕೊಳ್ಳುತ್ತೇವೆ. ಹಳೆಯ ಗೀತೆಗಳೂ ನಮಗೆ ಪ್ರೀತಿಯವೇ, ಆದರೆ ಪಶ್ಚಿಮದ ರಾಗಕ್ಕೆ ಕನ್ನಡದ ಮಾತು ಕೂರಿಸಿದಾಗ ಒಂದು ತೊಂದರೆ ಇದೆ. ಕನ್ನಡದಲ್ಲಿ ಹ್ರಸ್ವ, ದೀರ್ಘ ಬದಲಾದರೆ ಪದವೇ ಬದಲಾಗುತ್ತದೆ. ಉದ್ದದ ಸ್ವರ ತಪ್ಪು ಜಾಗದಲ್ಲಿ ಬಿದ್ದರೆ 'ದೇವರು' ಹೋಗಿ 'ದೇವಾರು' ಆಗುತ್ತದೆ. ಚಿಕ್ಕಂದಿನಲ್ಲಿ ನಾನು ಹಾಗೇ ಹಾಡಿಕೊಂಡು ಬೆಳೆದೆ, ಅದು ಬೇರೆಯೇ ಪದ ಅಂದುಕೊಂಡಿದ್ದೆ.

ಒಂದು ಸಲ ಭಾಮಿನಿ ಷಟ್ಪದಿ ಅನ್ನುವ ಆರು ಸಾಲಿನ ಛಂದಸ್ಸಿಗೆ ಕೈ ಹಾಕಿದೆವು. ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ. ಯೋಹಾನ 4ನೇ ಅಧ್ಯಾಯ, ಬಾವಿಯ ಹತ್ತಿರ ಯೇಸುವನ್ನು ಕಂಡ ಸಮಾರ್ಯದ ಹೆಂಗಸು. ಮೊದಲ ಎರಡು ಸಾಲು ಬೇಗ ಬಂದವು:

ಬಾವಿ ಬಳಿಯಲಿ ನಿಂತ ಹೆಣ್ಣಿಗೆ
ನೋವ ತುಂಬಿದ ಕೊಡವು ಭಾರವು

ಮೂರನೇ ಸಾಲಿಗೆ 23 ಮಾತ್ರೆ ಬೇಕು. ಅಲ್ಲಿ ಸಿಕ್ಕಿಹಾಕಿಕೊಂಡೆವು. ಎಲ್ಲರೂ ಬೆರಳು ಮಡಚಿ ಲೆಕ್ಕ ಹಾಕುತ್ತಾ ಕೂತಿದ್ದಾಗ ಒಬ್ಬರು ಮತ್ತೆ ಬೈಬಲ್ ತೆಗೆದು ಓದಿದರು. ಆ ಹೆಂಗಸು ಕೊಡವನ್ನು ಅಲ್ಲೇ ಬಿಟ್ಟು ಊರಿಗೆ ಹೋದಳು ಅಂತ ಅಲ್ಲಿದೆ. ನೀರಿಗೆ ಅಂತ ಬಂದವಳು ಕೊಡವನ್ನೇ ಮರೆತಳು! ಆಮೇಲೆ ಸಾಲು ತಾನಾಗಿ ಬಂತು:

ಯಾವ ನೀರಿದು ಎಂದು ಕೇಳುತ ಕೊಡವ ಮರೆತಳು ತಾ

ಉಳಿದ ಮೂರು ಸಾಲು ಇನ್ನೂ ಬಾಕಿ ಇವೆ. ನಿಮಗೆ ಹೊಳೆದರೆ ತನ್ನಿ.

ನಾನು ತುಂಬ ದುಃಖದಲ್ಲಿದ್ದೇನೆ. ಹಾಡಿ ಕುಣಿಯುವ ಮನಸ್ಸಿಲ್ಲ.

ಹಾಗೇ ಬನ್ನಿ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳಿನವೇ. 13ನೆಯದು "ಎಷ್ಟರವರೆಗೆ" ಅಂತಲೇ ಶುರುವಾಗುತ್ತದೆ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲು ಕೂಡ ಇಲ್ಲ. ಅದನ್ನೂ ಪವಿತ್ರ ಗ್ರಂಥದಲ್ಲಿ ಉಳಿಸಿಕೊಂಡರಲ್ಲ, ಅದು ನನಗೆ ದೊಡ್ಡ ಆಸರೆ. ವರ್ಷಕ್ಕೆ ಎರಡು ಸಲ ನಾವು ದೂರಿನ ಕೀರ್ತನೆ ಬರೆಯುವ ಸಂಜೆ ಇಟ್ಟುಕೊಳ್ಳುತ್ತೇವೆ. ದೇವರ ಮೇಲೆ ಸಿಟ್ಟಿದ್ದರೆ ಸಿಟ್ಟನ್ನೇ ಬರೆಯಿರಿ. ಓದಿ ಹೇಳಬೇಕಿಲ್ಲ. ಮಡಚಿ ಬುಟ್ಟಿಗೆ ಹಾಕಿದರೆ ಸಾಕು, ಯಾರೂ ಬಿಚ್ಚುವುದಿಲ್ಲ. ಗೆಳೆತನಕ್ಕೂ ಪ್ರಾರ್ಥನೆಗೂ ನಾವಿದ್ದೇವೆ. ಆದರೆ ಚಿಕಿತ್ಸೆ ಬೇಕಿದ್ದರೆ ಡಾಕ್ಟರ ಬಳಿಯೇ ಹೋಗಬೇಕು, ಅದಕ್ಕೆ ಜೊತೆಗೆ ಬರುವವರು ನಮ್ಮಲ್ಲಿದ್ದಾರೆ.

ಹಬ್ಬಗಳಲ್ಲಿ ವಿಶೇಷ ಏನು?

ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರಕ್ಕೆ ಮುಂಚಿನ ಕೂಟಕ್ಕೆ ಹಿಂದಿನ ವರ್ಷದ ಗರಿಗಳ ಭಾನುವಾರದ ಒಣಗಿದ ಗರಿ ತನ್ನಿ. ಅದನ್ನು ಸುಟ್ಟು ಬೂದಿ ಮಾಡುತ್ತೇವೆ. ಹಣೆಗೆ ಹಚ್ಚಲು ಸ್ವಲ್ಪ ತೆಗೆದಿಟ್ಟು, ಉಳಿದದ್ದಕ್ಕೆ ನಾಲ್ಕು ತೊಟ್ಟು ಎಣ್ಣೆ ಹಾಕಿ ಬೆರಳಿನಿಂದಲೇ ಚಿತ್ರ ಬಿಡಿಸುತ್ತೇವೆ. ಬೂದಿಯ ಬಣ್ಣ ಎಷ್ಟು ಮೆದು ಅಂತ ಬಿಡಿಸಿದವರಿಗೇ ಗೊತ್ತು. ಕ್ರಿಸ್ಮಸ್‌ಗೆ ಮೊದಲು ಮಕ್ಕಳು ತೆಂಗಿನ ಚಿಪ್ಪಿನಲ್ಲಿ ರಾಗಿ, ಭತ್ತ ಬಿತ್ತುತ್ತಾರೆ. ಹಬ್ಬದ ಹೊತ್ತಿಗೆ ಮೊಳಕೆ ಬೆರಳುದ್ದ ಆಗಿರುತ್ತದೆ, ಅದೇ ಗೋದಲಿಯ ಸುತ್ತಲಿನ ಗದ್ದೆ. ಇದು ಮಂಗಳೂರು ಕಡೆಯ ಮನೆಗಳಿಂದ ಕಲಿತದ್ದು.

ಮಕ್ಕಳನ್ನು ಕರೆತರಬಹುದಾ?

ಖಂಡಿತ. ಮಾತಿಲ್ಲದ ಐವತ್ತು ನಿಮಿಷ ಅವರಿಗೆ ಅನ್ವಯಿಸುವುದಿಲ್ಲ.

ಮಾಡಿದ ವಸ್ತುಗಳನ್ನು ಏನು ಮಾಡುತ್ತೀರಿ?

ಚಿತ್ರ, ಬರಹ ನೀವು ಮನೆಗೆ ತೆಗೆದುಕೊಂಡು ಹೋಗಬಹುದು. ಮಣ್ಣನ್ನು ಮಾತ್ರ ವಾಪಸ್ ಬಕೆಟ್ಟಿಗೆ ಹಾಕುತ್ತೇವೆ. ನೀರು ಚಿಮುಕಿಸಿ ಒದ್ದೆ ಗೋಣಿ ಮುಚ್ಚಿದರೆ ಮುಂದಿನ ತಿಂಗಳಿಗೆ ಅದೇ ಮಣ್ಣು. ಆ ಚಪ್ಪಲಿಯೂ ಹಾಗೇ ಹೋಯಿತು. ಅದನ್ನು ಬಕೆಟ್ಟಿಗೆ ಹಾಕುವಾಗ ನನಗೆ ಸಂಕಟವಾಯ್ತು, ಸುಡಿಸಿ ಇಟ್ಟುಕೊಳ್ಳೋಣ ಅಂತ ಕೇಳಿದೆ. ಆ ಹಿರಿಯರೇ ಬೇಡ ಅಂದು, ತಮ್ಮ ಕೈಯಿಂದಲೇ ಒತ್ತಿ ಮುದ್ದೆ ಮಾಡಿದರು. ಫೋಟೊ ತೆಗೆಯಬೇಕಿದ್ದರೆ ಮಾಡಿದವರನ್ನು ಕೇಳಿ ತೆಗೆಯಿರಿ.

ಇದು ಭಾನುವಾರದ ಆರಾಧನೆಗೆ ಬದಲಾ?

ನಾವು ಹಾಗೆ ಅಂದುಕೊಂಡಿಲ್ಲ. ಇಲ್ಲಿ ಪ್ರಭುಭೋಜನ ಇಲ್ಲ, ಸ್ನಾನದೀಕ್ಷೆ ಇಲ್ಲ. ಆ ಸಂಸ್ಕಾರಗಳು ನಿಮ್ಮ ನಿಮ್ಮ ಸಭೆಯಲ್ಲೇ. ಎಷ್ಟೋ ಸಲ ಇಲ್ಲಿ ಕಟ್ಟಿದ ಹಾಡು ಇಲ್ಲಿಂದ ಭಾನುವಾರಕ್ಕೆ ಹೋಗಿದೆ.

ದುಡ್ಡು ಕೊಡಬೇಕಾ?

ಇಲ್ಲ. ಕಾಫಿ ಡಬ್ಬದ ಪಕ್ಕ ಒಂದು ಪೆಟ್ಟಿಗೆ ಇದೆ. ಇಷ್ಟ ಇದ್ದವರು ಹಾಕುತ್ತಾರೆ.

ನಾವು ಬೇರೆ ಊರಲ್ಲಿದ್ದೇವೆ. ನಾವೇ ಶುರು ಮಾಡಬಹುದಾ?

ಮಾಡಿ, ಯಾರ ಅಪ್ಪಣೆಯೂ ಬೇಕಿಲ್ಲ. ಐದು ಜನ ಸಾಕು. ಮಣ್ಣಿನಿಂದಲೇ ಶುರು ಮಾಡಿ, ಯಾಕೆಂದರೆ ಬಿಳಿ ಹಾಳೆ ನೋಡಿದರೆ ದೊಡ್ಡವರಿಗೆ ಭಯ, ಮಣ್ಣು ನೋಡಿದರೆ ಇಲ್ಲ. ಒಬ್ಬರಿಗೆ ಅರ್ಧ ಕೆಜಿ ಲೆಕ್ಕ. ಬೆಂಗಳೂರಿನಲ್ಲಾದರೆ ಪಾಟರಿ ಟೌನ್‌ನ ಕುಂಬಾರರ ಹತ್ತಿರ ಹದ ಮಾಡಿದ ಮಣ್ಣು ಸಿಗುತ್ತದೆ. ನಿಮ್ಮೂರಲ್ಲಿ ಕುಂಬಾರರಿದ್ದರೆ ಅವರನ್ನೇ ಕೂಟಕ್ಕೆ ಕರೆಯಿರಿ. ಯೆರೆಮೀಯ 18ನೇ ಅಧ್ಯಾಯ ಓದಿಸಿ, ತಿಗರಿಯ ಮೇಲೆ ಕೆಟ್ಟ ಪಾತ್ರೆಯನ್ನು ಮತ್ತೆ ಮಾಡುವುದು ಹೇಗೆ ಅಂತ ತೋರಿಸಲು ಕೇಳಿ.

ದುಬೈ, ಮೆಲ್ಬರ್ನ್ ಕಡೆ ಇರುವ ಕನ್ನಡದವರಿಗೆ ಒಂದು ಮಾತು. ಮಕ್ಕಳಿಗೆ ಕನ್ನಡ ಓದಲು ಬರದಿದ್ದರೂ ಭಾಗವನ್ನು ಕನ್ನಡದಲ್ಲೇ ಒಮ್ಮೆ ಓದಿ. ಅರ್ಥ ಆಮೇಲೆ ಹೇಳಿ. ದನಿ ಮೊದಲು ಕಿವಿಗೆ ಬೀಳಲಿ.

ಮೊದಲ ಮೂರು ಕೂಟಕ್ಕೆ ಭಾಗಗಳು ಬೇಕಿದ್ದರೆ: ಲೂಕ 15, ಯೋಹಾನ 4, ಕೀರ್ತನೆ 13. ನಾಲ್ಕನೆಯದು ನಿಮಗೇ ಗೊತ್ತಾಗುತ್ತದೆ.

ಬರುವಾಗ ಏನು ತರಬೇಕು?

ಕೈ ಒರೆಸಲು ಒಂದು ಹಳೆಯ ಬಟ್ಟೆ. ಕೊಳೆಯಾದರೂ ಪರವಾಗಿಲ್ಲ ಅನ್ನುವಂಥ ಉಡುಪು ಹಾಕಿಕೊಂಡು ಬನ್ನಿ. ನಲ್ಲಿ ಹಾಲ್‌ನ ಹಿಂಬದಿಯಲ್ಲಿದೆ, ಗೇಟಿನ ಬಲಕ್ಕೆ.